ಗ್ಯಾಸ್ ಫೈರ್ ತೆಗೆದು ಸೌದೆ ಸ್ಟವ್ ಇಡಬೇಕೆ? ಮೊದಲು ಚಿಮಣಿ ನೋಡಿ

ಕೋಣೆ ಕಾಯಿಸಲು ಗೋಡೆಯಲ್ಲಿ ಕೂರಿಸಿದ ಗ್ಯಾಸ್ ಫೈರ್ ಕಿತ್ತು ಅಲ್ಲಿ ಸೌದೆ ಸ್ಟವ್ ಕೂರಿಸಬೇಕು ಎನ್ನುವ ಆಸೆ ಹೆಚ್ಚಾಗಿ ಹುಟ್ಟುವುದು ಇನ್ನೊಬ್ಬರ ಮನೆಯಲ್ಲಿ. ಗಾಜಿನ ಬಾಗಿಲ ಹಿಂದೆ ನಿಧಾನವಾಗಿ ಹೊರಳುವ ಜ್ವಾಲೆ, ಸೌದೆ ಚಟಪಟ ಎನ್ನುವ ಸದ್ದು, ಕೋಣೆಯ ಮೂಲೆಮೂಲೆಗೂ ಹಬ್ಬಿದ ಬಿಸುಪು. ಅದನ್ನು ನೋಡಿ ಮನೆಗೆ ಬಂದು ನಮ್ಮ ಗ್ಯಾಸ್ ಫೈರ್ ಹಚ್ಚಿದರೆ ಪೇಲವವಾಗಿ ಕಾಣುತ್ತದೆ. ಆ ರಾತ್ರಿಯೇ ಸ್ಟವ್‌ಗಳ ಚಿತ್ರ ನೋಡುತ್ತಾ ಕೂರುತ್ತೇವೆ.

ನಾನೂ ಹಾಗೇ ಶುರು ಮಾಡಿದ್ದೆ. ಒಂದು ತಿಂಗಳು ಮಾದರಿಗಳನ್ನು ಅಳೆದು ಸುರಿದು, ಒಂದನ್ನು ಮೆಚ್ಚಿ, ಕೊನೆಗೆ ಚಿಮಣಿ ನೋಡುವವರನ್ನು ಕರೆಸಿದೆ. ಅವರು ಅರ್ಧ ಗಂಟೆ ನೋಡಿ ಹೇಳಿದ ಮಾತಿಗೆ ನನ್ನ ಪಟ್ಟಿಯ ಮುಕ್ಕಾಲು ಪಾಲು ಬಿದ್ದುಹೋಯಿತು. ಆದ್ದರಿಂದ ಈ ಹೋಲಿಕೆಯನ್ನು ಸ್ಟವ್‌ನಿಂದ ಆರಂಭಿಸುತ್ತಿಲ್ಲ. ಈಗಿರುವ ಗ್ಯಾಸ್ ಫೈರ್, ಅದರ ಮೇಲಿನ ಚಿಮಣಿ, ಸೌದೆ ಇಡುವ ಜಾಗ, ನಿಮ್ಮ ದಿನಚರಿ, ಮನೆಯವರ ಮತ್ತು ಅಕ್ಕಪಕ್ಕದವರ ಉಸಿರು. ಇಷ್ಟನ್ನು ಇದೇ ಕ್ರಮದಲ್ಲಿ ನೋಡಿದರೆ ತೀರ್ಮಾನ ಬಹುಪಾಲು ತಾನಾಗಿಯೇ ಆಗುತ್ತದೆ. ಯಾವ ಸ್ಟವ್ ಎನ್ನುವುದು ಆಮೇಲಿನ ಮಾತು.

ಈಗ ಇರುವುದು ಯಾವ ಬಗೆಯದು?

ಗ್ಯಾಸ್ ಫೈರ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆದರೂ ಅದರಲ್ಲಿ ಹಲವು ಬಗೆಗಳಿವೆ. ಎದುರು ಗಾಜಿಲ್ಲದೆ, ಸುಳ್ಳು ಇದ್ದಿಲಿನ ಮೇಲೆ ಜ್ವಾಲೆ ಆಡುವ ಬಗೆ ನೋಡಲು ಚೆಂದ, ಆದರೆ ಅದರ ಶಾಖದ ಅರ್ಧಕ್ಕಿಂತ ಹೆಚ್ಚು ಚಿಮಣಿಯಲ್ಲೇ ಹಾರಿಹೋಗುತ್ತದೆ. ಬರೀ ಅಲಂಕಾರಕ್ಕೆಂದು ಮಾಡಿದವುಗಳಲ್ಲಿ ಇನ್ನೂ ಹೆಚ್ಚು. ಗಾಜು ಮುಚ್ಚಿದ ಬಗೆ ಶೇಕಡಾ 70ರಿಂದ 80ರಷ್ಟು ಶಾಖವನ್ನು ಕೋಣೆಗೆ ಕೊಡಬಲ್ಲದು. ಒಳ್ಳೆಯ ಸೌದೆ ಸ್ಟವ್ ಕೊಡುವುದೂ ಸುಮಾರು ಶೇಕಡಾ 75ರಿಂದ 80.

ಅಂದರೆ ತೆರೆದ ಗ್ಯಾಸ್ ಫೈರ್ ಪಕ್ಕದಲ್ಲಿ ಸೌದೆ ಸ್ಟವ್ ನಿಲ್ಲಿಸಿ ಹೋಲಿಸಿದರೆ ಸೌದೆಯೇ ಗೆಲ್ಲುತ್ತದೆ, ಆದರೆ ಆ ಗೆಲುವಿನ ಬಹುಪಾಲು ಮುಚ್ಚಿದ ಬಾಗಿಲಿಗೆ ಸೇರಬೇಕು. ಕೋಣೆ ಬೆಚ್ಚಗಾಗುತ್ತಿಲ್ಲ ಎನ್ನುವುದಷ್ಟೇ ನಿಮ್ಮ ದೂರಾದರೆ, ಹಳೆಯ ತೆರೆದ ಗ್ಯಾಸ್ ಫೈರ್ ಬದಲು ಗಾಜಿರುವ ಗ್ಯಾಸ್ ಫೈರ್ ಹಾಕಿಸುವ ಮೂರನೆಯ ದಾರಿಯೂ ಇದೆ. ಈ ದಾರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೋ ಮನೆಗಳಿಗೆ ಅದೇ ಸರಿಯಾದ ಉತ್ತರ ಎಂದು ನನಗೆ ಅನ್ನಿಸುತ್ತದೆ.

ಇನ್ನೆರಡು ಬಗೆಗಳಲ್ಲಿ ಎಚ್ಚರ ಬೇಕು. ಹೊಗೆ ಕೊಳವೆಯೇ ಇಲ್ಲದ ಗ್ಯಾಸ್ ಫೈರ್ ಇದ್ದರೆ, ಅದರ ಹಿಂದೆ ಚಿಮಣಿ ಇರುವ ಖಾತ್ರಿ ಇಲ್ಲ. ಗೋಡೆಯಲ್ಲಿ ಬೆಂಕಿ ಇದೆ, ಹಾಗಾಗಿ ಮೇಲೆ ಚಿಮಣಿ ಇರಲೇಬೇಕು ಎಂದುಕೊಳ್ಳಬೇಡಿ. ಎರಡನೆಯದು, ಹಳೆಯ ಮನೆಗಳಲ್ಲಿ ಗ್ಯಾಸ್ ಫೈರ್ ಬೆನ್ನಿಗೇ ಅಂಟಿಕೊಂಡ ಬಾಯ್ಲರ್. ಸ್ನಾನದ ನೀರು, ಬೇರೆ ಕೋಣೆಗಳ ಶಾಖ ಎಲ್ಲ ಅಲ್ಲಿಂದಲೇ ಹೋಗುತ್ತಿರುತ್ತದೆ. ಫೈರ್ ತೆಗೆದರೆ ಅದೂ ಹೋಯಿತು. ಬಳಕೆಯಿಲ್ಲದ ಬಾಯ್ಲರನ್ನು ನೀರು ತುಂಬಿದಂತೆಯೇ ಬಾಯಿ ಮುಚ್ಚಿ ಗೋಡೆಯೊಳಗೆ ಬಿಟ್ಟು, ಅದರ ಮುಂದೆ ಸೌದೆ ಉರಿಸಿದರೆ ಒಳಗಿನ ಆವಿಗೆ ಹೋಗಲು ದಾರಿಯಿಲ್ಲದೆ ಸಿಡಿಯುತ್ತದೆ. ಅದನ್ನು ಹೊರಗೆ ತೆಗೆಸಿ. ಆಗದಿದ್ದರೆ ಬಲ್ಲವರಿಂದ ನೀರು ಖಾಲಿ ಮಾಡಿಸಿ, ತೂತು ಕೊರೆಸಿ ನಿರಪಾಯ ಮಾಡಿಸಿ. ಈ ಒಂದು ವಿಷಯದಲ್ಲಿ ರಾಜಿ ಬೇಡ.

ಚಿಮಣಿ ಹೇಳುವುದೇ ಕೊನೆಯ ಮಾತು

ಗ್ಯಾಸ್ ಉರಿದಾಗ ಹೊರಡುವುದು ಬಹುಪಾಲು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್. ಮಸಿ ಇಲ್ಲವೆನ್ನುವಷ್ಟು ಕಡಿಮೆ. ಸೌದೆಯ ಹೊಗೆ ಹಾಗಲ್ಲ, ಅದರಲ್ಲಿ ಮಸಿ, ಆಮ್ಲ, ಡಾಂಬರಿನಂಥ ಎಣ್ಣೆಗಳು ಇರುತ್ತವೆ. ಚಿಮಣಿಯ ತಣ್ಣನೆಯ ಗೋಡೆಗೆ ತಗುಲಿದಾಗ ಅವು ಅಂಟಾಗಿ ಕೂತು ಗಟ್ಟಿಯಾಗುತ್ತವೆ. ಕ್ರಿಯೊಸೋಟ್ ಎನ್ನುವುದು ಇದಕ್ಕೇ. ಅದಕ್ಕೆ ಕಿಡಿ ತಾಗಿದರೆ ಚಿಮಣಿಯೊಳಗೇ ಕಿಚ್ಚು ಏಳುತ್ತದೆ, ಅಲ್ಲಿನ ಬಿಸಿ 1000 ಡಿಗ್ರಿ ದಾಟಬಹುದು.

ಹಾಗಾಗಿ ಗ್ಯಾಸ್‌ಗೆಂದು ಚಿಮಣಿಯೊಳಗೆ ಇಳಿಸಿದ ಒಂದು ಪದರದ ತೆಳು ಲೈನರ್, ಅಂದರೆ ಹೊಗೆ ಸಾಗುವ ಒಳಕೊಳವೆ, ಸೌದೆಗೆ ಬರುವುದಿಲ್ಲ. ಈಗಾಗಲೇ ಸ್ಟೀಲ್ ಪೈಪ್ ಇದೆಯಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಸೌದೆಗೆ ಎರಡು ಪದರದ, 316 ಅಥವಾ 904 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಬೇಕು. 904 ಆಮ್ಲವನ್ನು ಹೆಚ್ಚು ತಡೆಯುತ್ತದೆ. ವ್ಯಾಸ ಸಾಮಾನ್ಯವಾಗಿ 150 ಮಿಲಿಮೀಟರ್. ಕಡಿಮೆ ಹೊಗೆಯ ಕೆಲವು ಸ್ಟವ್‌ಗಳಿಗೆ 125 ಸಾಕಾಗುತ್ತದೆ. ಸ್ಟವ್ ತಲೆಯಿಂದ ಚಿಮಣಿ ತುದಿಯವರೆಗೆ ಸುಮಾರು 4.5 ಮೀಟರ್ ಎತ್ತರ ಸಿಕ್ಕರೆ ಹೊಗೆ ಚೆನ್ನಾಗಿ ಮೇಲೆಳೆಯುತ್ತದೆ. ಚಿಮಣಿ ತುದಿಯಲ್ಲಿ ಗ್ಯಾಸ್‌ಗೆಂದು ಹಾಕಿದ ಸಣ್ಣ ಜಾಲರಿಯ ಟೋಪಿ ಇದ್ದರೆ ಅದನ್ನೂ ಬದಲಿಸಬೇಕು, ಇಲ್ಲವಾದರೆ ಸೌದೆಯ ಮಸಿ ಅದರ ಕಣ್ಣುಗಳನ್ನು ಮುಚ್ಚಿಬಿಡುತ್ತದೆ.

ಕೆಲವು ಮನೆಗಳಲ್ಲಿ ಗ್ಯಾಸ್ ಒಂದಕ್ಕೇ ಎಂದು ಕಾಂಕ್ರೀಟ್ ಇಟ್ಟಿಗೆಗಳೊಳಗೆ ಇಕ್ಕಟ್ಟಾದ ಚಪ್ಪಟೆ ದಾರಿ ಕಟ್ಟಿರುತ್ತಾರೆ. ಅದರಲ್ಲಿ ಸೌದೆಯ ಲೈನರ್ ತೂರುವುದೇ ಇಲ್ಲ. ಆಗ ಉಳಿಯುವುದು ಶಾಖ ತಡೆಯುವ, ಎರಡು ಪದರದ ಹೊಸ ಕೊಳವೆಯನ್ನು ಗೋಡೆ ತೂರಿಸಿ ಹೊರಗಿನಿಂದ ಸೂರಿನ ಮೇಲಕ್ಕೆ ಒಯ್ಯುವುದು. ಅದು ಸ್ಟವ್‌ಗಿಂತ ದೊಡ್ಡ ಕೆಲಸ, ದೊಡ್ಡ ಖರ್ಚು.

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಗ್ಯಾಸ್ ಫೈರ್ ಹಿಂದಿನ ತಗಡು ಬಿಚ್ಚಿದ ಕೂಡಲೇ ಎರಡು ಬಕೆಟ್ ಕಸ ಜಾರಿ ಬಿತ್ತು. ಉದುರಿದ ಗಾರೆ, ಯಾವುದೋ ಹಕ್ಕಿಯ ಗೂಡಿನ ಕಡ್ಡಿ, ಕಪ್ಪು ಚಕ್ಕೆಗಳು. ಬಂದವರು ಒಂದು ಚಕ್ಕೆಯನ್ನು ಬೆಳಕಿಗೆ ಹಿಡಿದು ತೋರಿಸಿದರು, ಒಡೆದ ಬಳೆಯ ಹಾಗೆ ಹೊಳೆಯುತ್ತಿತ್ತು. ಗ್ಯಾಸ್ ಬರುವ ಮುಂಚೆ ಆ ಒಲೆಯಲ್ಲಿ ಯಾರೋ ಹಸಿ ಸೌದೆ ಉರಿಸಿದ್ದರ ಗುರುತು ಅದು. ಆಮೇಲೆ ಚಿಮಣಿ ಎಲ್ಲಾದರೂ ಸೋರುತ್ತದೆಯೇ ಎಂದು ನೋಡಲು ಹೊಗೆಯ ಗುಳಿಗೆ ಹಚ್ಚಿ ಚಿಮಣಿಯ ಬಾಯಿ ಮುಚ್ಚಿದರು. ನಾನು ಮಹಡಿಗೆ ಹೋಗಿ ಮಲಗುವ ಕೋಣೆಯ ಗೋಡೆಗೆ ಮೂಗು ಹಚ್ಚಿ ನಿಂತೆ. ಎರಡೇ ನಿಮಿಷ, ಬೀರುವಿನ ಹಿಂದಿನ ಬಿರುಕಿನಿಂದ ನೂಲೆಳೆಯಷ್ಟು ಹೊಗೆ ಬಂತು. ಮಗು ಮಲಗುವ ಕೋಣೆ ಅದು. ಲೈನರ್ ಬೇಕೆ ಬೇಡವೆ ಎನ್ನುವ ಚರ್ಚೆ ಅಲ್ಲಿಗೆ ಮುಗಿಯಿತು. ಗ್ಯಾಸ್ ಇದ್ದ ಅಷ್ಟೂ ವರ್ಷ ಆ ಬಿರುಕು ನಮಗೆ ಗೊತ್ತೇ ಇರಲಿಲ್ಲ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಸ್ಟವ್ ಕೆಳಗೆ ಬೆಂಕಿ ಹಿಡಿಯದ ಕಲ್ಲುಹಾಸು ಬೇಕು. ಸ್ಟವ್ ತನ್ನ ಕೆಳಗಿನ ನೆಲವನ್ನು 100 ಡಿಗ್ರಿಗಿಂತ ಹೆಚ್ಚು ಕಾಯಿಸುವುದಿಲ್ಲ ಎಂದು ತಯಾರಕರೇ ಬರೆದುಕೊಟ್ಟಿದ್ದರೆ 12 ಮಿಲಿಮೀಟರ್ ದಪ್ಪದ ಕಲ್ಲು ಸಾಕು ಎನ್ನುತ್ತದೆ ಇಂಗ್ಲೆಂಡಿನ ಕಟ್ಟಡ ನಿಯಮ. ಇಲ್ಲದಿದ್ದರೆ 125 ಮಿಲಿಮೀಟರಿನ ಗಟ್ಟಿ ತಳ ಬೇಕು. ಗ್ಯಾಸ್ ಫೈರ್ ಸುತ್ತ ಇದ್ದ ಮರದ ಚೌಕಟ್ಟು ಸೌದೆ ಸ್ಟವ್‌ಗೆ ತೀರಾ ಹತ್ತಿರವಾಗುವುದು ಸಾಮಾನ್ಯ. ಎಷ್ಟು ದೂರ ಬಿಡಬೇಕು ಎನ್ನುವುದು ಆಯಾ ಸ್ಟವ್‌ನ ಕೈಪಿಡಿಯಲ್ಲಿ ಇರುತ್ತದೆ. ಹಳೆಯ ಹಲಗೆಗಳನ್ನು ಒಡೆಯುವ ಮುನ್ನ ಅವುಗಳಲ್ಲಿ ಕಲ್ನಾರು ಇಲ್ಲವೆಂದು ಪರೀಕ್ಷೆ ಮಾಡಿಸಿ. ಗ್ಯಾಸ್ ಪೈಪ್ ಕತ್ತರಿಸಿ ಮುಚ್ಚುವ ಕೆಲಸವನ್ನು ಪರವಾನಗಿ ಇರುವವರೇ ಮಾಡಬೇಕು, ಎಷ್ಟೇ ಕೈಪಳಗಿದವರಾದರೂ ನೀವು ಮಾಡಬೇಡಿ. ಕೆಲಸ ಮುಗಿದ ಮೇಲೆ ಸಿಗುವ ಪ್ರಮಾಣಪತ್ರವನ್ನು ಮನೆ ಪತ್ರಗಳ ಜೊತೆ ಇಡಿ. ವಿಮೆಯವರೂ ಮುಂದೆ ಮನೆ ಕೊಳ್ಳುವವರೂ ಅದನ್ನು ಕೇಳುತ್ತಾರೆ.

ಸೌದೆಯ ಲೆಕ್ಕ

ಗ್ಯಾಸ್ ಪೈಪಿನಲ್ಲಿ ಬರುತ್ತದೆ. ಸೌದೆಯನ್ನು ತರಿಸಬೇಕು, ಒಟ್ಟಬೇಕು, ಒಣಗಿಸಬೇಕು, ಹೊತ್ತು ತರಬೇಕು. ಎಷ್ಟು ಬೇಕು ಎಂದು ಒಂದು ಲೆಕ್ಕ ಹಾಕೋಣ. 4 ಕಿಲೊವ್ಯಾಟ್ ಸ್ಟವ್ ದಿನಕ್ಕೆ 5 ಗಂಟೆ ಉರಿದರೆ ಕೋಣೆಗೆ 20 ಯೂನಿಟ್ ಶಾಖ. ಶೇಕಡಾ 75 ಮಾತ್ರ ಕೋಣೆಗೆ ಬರುವುದರಿಂದ ಸೌದೆಯಲ್ಲಿ ಸುಮಾರು 27 ಯೂನಿಟ್ ಇರಬೇಕು. ಚೆನ್ನಾಗಿ ಒಣಗಿದ ಸೌದೆಯ ಒಂದು ಕಿಲೋದಲ್ಲಿ 4 ಯೂನಿಟ್ಟಿನಷ್ಟು ಶಾಖ ಇರುತ್ತದೆ. ಅಲ್ಲಿಗೆ ದಿನಕ್ಕೆ ಆರೂವರೆ ಕಿಲೋ, ನಾಲ್ಕು ತಿಂಗಳ ಚಳಿಗಾಲಕ್ಕೆ ಹೆಚ್ಚು ಕಡಿಮೆ 800 ಕಿಲೋ. ಗಟ್ಟಿ ಜಾತಿಯ ಮರವಾದರೆ ಒತ್ತಾಗಿ ಜೋಡಿಸಿದಾಗ ಸುಮಾರು 2 ಘನ ಮೀಟರ್. ಅದೇ ಸೌದೆಯನ್ನು ಸುಮ್ಮನೆ ಸುರಿದರೆ 3 ಘನ ಮೀಟರ್ ಆಗುತ್ತದೆ. ಮಾರುವವರು ಘನ ಮೀಟರ್ ಎಂದಾಗ ಜೋಡಿಸಿದ್ದೋ ಸುರಿದದ್ದೋ ಎಂದು ಕೇಳಲೇಬೇಕು.

ಒಣಗಲು ಇನ್ನೊಂದು ವರ್ಷ ಬೇಕಾದ ಸೌದೆಗೂ ಜಾಗ ಬೇಕು, ಅಂದರೆ ಇದರ ಎರಡರಷ್ಟು. ಮಳೆ ಬೀಳದ, ಗಾಳಿ ಆಡುವ, ನೆಲದಿಂದ ಒಂದು ಗೇಣು ಮೇಲಿರುವ ಜಾಗ. ಅಷ್ಟು ಜಾಗ ನಿಮ್ಮಲ್ಲಿ ಇಲ್ಲವೆ? ಹಾಗಾದರೆ ಪ್ರತಿ ವಾರ ಸಣ್ಣ ಚೀಲಗಳಲ್ಲಿ ಸೌದೆ ಕೊಳ್ಳುತ್ತೀರಿ, ಸೌದೆ ಅತ್ಯಂತ ದುಬಾರಿಯಾಗುವುದು ಹೀಗೆ ಕೊಂಡಾಗಲೇ. ಗ್ಯಾಸ್‌ಗಿಂತ ಸೌದೆ ಅಗ್ಗ ಎನ್ನುವ ಮಾತು ಸ್ವಂತ ಮರ ಇರುವವರಿಗೆ, ಇಲ್ಲವೆ ವರ್ಷ ಮುಂಚೆಯೇ ದೊಡ್ಡ ಪ್ರಮಾಣದಲ್ಲಿ ಕೊಂಡು ಒಣಗಿಸುವವರಿಗೆ ಮಾತ್ರ ನಿಜವಾದೀತು. ಲೈನರ್, ಕಲ್ಲುಹಾಸು, ವರ್ಷವರ್ಷ ಚಿಮಣಿ ಗುಡಿಸುವ ಖರ್ಚು ಸೇರಿಸಿದರೆ ಬಹಳ ಮನೆಗಳಲ್ಲಿ ಆ ಅಗ್ಗ ಉಳಿಯುವುದಿಲ್ಲ. ಬರೀ ಹಣ ಉಳಿಸಲೆಂದು ಬದಲಾಯಿಸಲು ಹೊರಟವರಿಗೆ ಬೇಡ ಎಂದೇ ನಾನು ಹೇಳುವುದು.

ಒಣಗುವುದು ಯಾಕಿಷ್ಟು ಮುಖ್ಯ? ಈಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥ ಒಂದು ಕಿಲೋದಲ್ಲಿ ಸಿಗುವುದು ಹೆಚ್ಚೆಂದರೆ 2 ಯೂನಿಟ್ಟಿನ ಆಸುಪಾಸು, ಒಣ ಸೌದೆಯ ಅರ್ಧ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ನೀರು ಆವಿಯಾಗುತ್ತಾ ಒಲೆಯನ್ನು ತಣ್ಣಗಿಡುತ್ತದೆ. ಸೌದೆಯಿಂದ ಏಳುವ ಅನಿಲಗಳು ಪೂರ್ತಿ ಉರಿಯಲು ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿ ಬಾರದಿದ್ದರೆ ಅವು ಹಾಗೇ ಹೊಗೆಯಾಗಿ ಮೇಲೇರಿ ಚಿಮಣಿಗೆ ಅಂಟಿಕೊಳ್ಳುತ್ತವೆ. ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು ಎನ್ನುವ ಗೆರೆ ಇದಕ್ಕಾಗಿಯೇ. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ, 2 ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆ ಈ ಗೆರೆಯೊಳಗೇ ಇರಬೇಕೆಂಬ ಕಾನೂನು ಇದೆ.

ಮಾರುವವರ ಮಾತಿನ ಬದಲು ಮೀಟರನ್ನು ನಂಬಿ. ಎರಡು ಸೂಜಿಗಳಿರುವ, ಅಂಗೈಯಲ್ಲಿ ಹಿಡಿಯುವ ಸಣ್ಣ ಉಪಕರಣ ಅದು. ಮೊದಲ ಲೋಡು ಬಂದಾಗ ನಾನು ತುಂಡಿನ ಹೊರಮೈಗೆ ಚುಚ್ಚಿ ನೋಡಿದೆ, 15 ತೋರಿಸಿತು. ಖುಷಿಯಿಂದ ಒಟ್ಟಿದೆ. ಒಲೆಯಲ್ಲಿ ಅದೇ ಸೌದೆ ಸೊಂಯ್ ಎಂದು ನೊರೆ ಉಗುಳುತ್ತಾ ಹೊಗೆಯಾಡಿತು, ಗಾಜು ಒಂದೇ ಸಂಜೆಗೆ ಕಪ್ಪಾಯಿತು. ಮರುದಿನ ಒಂದು ತುಂಡನ್ನು ಸೀಳಿ, ಹೊಸದಾಗಿ ತೆರೆದ ಮೈಗೆ ಚುಚ್ಚಿದಾಗ 28 ಬಂತು. ಅಳೆಯಬೇಕಾದ್ದು ಯಾವಾಗಲೂ ಹೊಸದಾಗಿ ಸೀಳಿದ ಒಳಮೈಯನ್ನು. ಆ ಇಡೀ ಲೋಡನ್ನು ಮುಂದಿನ ಚಳಿಗಾಲಕ್ಕೆ ಎತ್ತಿಟ್ಟೆವು. ಪೈನ್‌ನಂಥ ಹಗುರ ಮರ ಒಂದು ಬೇಸಿಗೆ ಕಳೆದರೆ ಒಣಗಬಹುದು, ಓಕ್‌ನಂಥ ಗಟ್ಟಿ ಮರಕ್ಕೆ ಎರಡು ವರ್ಷವೋ ಹೆಚ್ಚೋ ಬೇಕು. ಪೈನ್ ಉರಿಸಿದರೆ ಅಂಟು ಹಿಡಿಯುತ್ತದೆ ಎಂದು ಹೆದರಿಸುವವರಿದ್ದಾರೆ. ಅಂಟಿಗೆ ಕಾರಣ ತೇವ ಮತ್ತು ಮಂದ ಉರಿ, ಒಣಗಿದ ಪೈನ್ ಚೆನ್ನಾಗಿಯೇ ಉರಿಯುತ್ತದೆ. ಬಣ್ಣ ಬಳಿದ, ಔಷಧಿ ಹೊಡೆದ ಮರ, ಪ್ಲೈವುಡ್, ಪ್ಲಾಸ್ಟಿಕ್ ಹಾಕಲೇಬಾರದು. ಅವುಗಳ ಹೊಗೆ ವಿಷ.

ಒಂದು ಸಂಜೆ, ಎರಡು ಬಗೆ

ಗ್ಯಾಸ್ ಫೈರ್ ಇರುವ ಮನೆಯಲ್ಲಿ ಬಟನ್ ಒತ್ತಿದರೆ ಹತ್ತಿತು, ಒತ್ತಿದರೆ ಆರಿತು. ಸೌದೆ ಸ್ಟವ್ ಇರುವಲ್ಲಿ ಎರಡು ದಪ್ಪ ತುಂಡು ಕೆಳಗೆ, ಅವುಗಳ ಮೇಲೆ ಪುಳ್ಳೆ, ತುತ್ತತುದಿಯಲ್ಲಿ ಕಿಡಿ. ಮೇಲಿನಿಂದ ಹಚ್ಚಿದರೆ ಹೊಗೆ ಕಡಿಮೆ, ಏಕೆಂದರೆ ಕೆಳಗಿನ ಸೌದೆಯಿಂದ ಏಳುವ ಅನಿಲ ಜ್ವಾಲೆಯನ್ನು ಹಾದೇ ಹೋಗಬೇಕು. ಕೋಣೆ ಬೆಚ್ಚಗಾಗಲು ಅರ್ಧ ಗಂಟೆ. ಆಮೇಲೆ ಮುಕ್ಕಾಲು ಗಂಟೆಗೋ ಗಂಟೆಗೋ ಒಂದೊಂದು ತುಂಡು. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ತುಂಬಿ ಹೊರಗಿಡಬೇಕು, ಆರಿದಂತೆ ಕಂಡ ಬೂದಿಯೊಳಗೆ ಮರುದಿನವೂ ಕೆಂಡ ಉಳಿದಿರಬಹುದು. ತಳದಲ್ಲಿ ಒಂದೆರಡು ಸೆಂಟಿಮೀಟರ್ ಬೂದಿ ಬಿಟ್ಟರೆ ಮುಂದಿನ ಉರಿ ಬೇಗ ಹತ್ತುತ್ತದೆ.

ಈ ಕೆಲಸ ನನಗೆ ಇಷ್ಟ. ಆದರೆ ರಾತ್ರಿ ಎಂಟಕ್ಕೆ ಮನೆ ಸೇರಿ ಹತ್ತಕ್ಕೆ ಮಲಗುವವರಿಗೆ, ಮೊಣಕಾಲು ಸೊಂಟದ ನೋವಿರುವ ಹಿರಿಯರಿಗೆ, ಒಬ್ಬಂಟಿಯಾಗಿರುವ ವೃದ್ಧರಿಗೆ ಇದು ಶಿಕ್ಷೆಯಾಗುತ್ತದೆ. ಅವರಿಗೆ ಗ್ಯಾಸ್ ಫೈರ್ ಉಳಿಸಿಕೊಳ್ಳುವುದೇ ಒಳ್ಳೆಯದು. ರಾತ್ರಿಯಿಡೀ ಕಾವು ಉಳಿಯಲೆಂದು ಗಾಳಿ ಮುಚ್ಚಿ ಮಂದವಾಗಿ ಉರಿಸುವ ಉಪಾಯವನ್ನು ಯಾರು ಹೇಳಿಕೊಟ್ಟರೂ ಬಿಡಿ. ಚಿಮಣಿಗೆ ಅತಿ ಹೆಚ್ಚು ಅಂಟು ಹಿಡಿಯುವುದೂ ಬೀದಿಗೆ ಅತಿ ಹೆಚ್ಚು ಹೊಗೆ ಹೋಗುವುದೂ ಆಗಲೇ.

ಕರೆಂಟ್ ಹೋದಾಗ ಸೌದೆ ಸ್ಟವ್‌ಗೆ ಏನೂ ಆಗುವುದಿಲ್ಲ. ಪದೇಪದೇ ಕರೆಂಟ್ ಹೋಗುವ ಕಡೆ ಇದು ದೊಡ್ಡ ಆಸರೆ. ಹಾಗೆಂದು ಗ್ಯಾಸ್ ಫೈರ್ ಎಲ್ಲವೂ ಆಗ ನಿಂತುಹೋಗುತ್ತವೆ ಎಂದೇನಿಲ್ಲ. ಫ್ಯಾನ್ ಇಲ್ಲದ ಹಲವು ಮಾದರಿಗಳು ಕರೆಂಟ್ ಇಲ್ಲದೆಯೂ ಉರಿಯುತ್ತವೆ, ನಿಮ್ಮದನ್ನು ಒಮ್ಮೆ ನೋಡಿಕೊಳ್ಳಿ.

ಹೊಗೆ ಎಲ್ಲಿಗೆ ಹೋಗುತ್ತದೆ

ಇಲ್ಲಿ ಗ್ಯಾಸ್ ಸ್ಪಷ್ಟವಾಗಿ ಮುಂದಿದೆ. ಅತ್ಯುತ್ತಮ ಸೌದೆ ಸ್ಟವ್ ಕೂಡ ಗ್ಯಾಸ್ ಫೈರ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಸೂಕ್ಷ್ಮ ಕಣ ಬಿಡುತ್ತದೆ. ಪಿಎಂ 2.5 ಎನ್ನುವ ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಗಾಳಿಯಲ್ಲಿ ಇವುಗಳ ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಮನೆಮನೆಯ ಒಲೆಯ ಹೊಗೆ ಒಂದು ಊರನ್ನು ಏನು ಮಾಡಬಲ್ಲದು ಎಂಬುದನ್ನು ಲಂಡನ್ 1952ರ ಡಿಸೆಂಬರಿನಲ್ಲಿ ಕಂಡಿತು. ಕಲ್ಲಿದ್ದಲಿನ ಹೊಗೆ ಮಂಜಿನೊಡನೆ ಸೇರಿ ಐದು ದಿನ ಕವಿದು ಸಾವಿರಾರು ಜನ ಸತ್ತರು. 1956ರ ಶುದ್ಧ ಗಾಳಿ ಕಾಯ್ದೆ ಬಂದದ್ದು ಆ ನಂತರ. ಬ್ರಿಟನ್ನಿನ ಹಲವು ಪಟ್ಟಣಗಳಲ್ಲಿ ಈಗಲೂ ಎಲ್ಲ ಸ್ಟವ್‌ಗಳಲ್ಲಿ ಸೌದೆ ಉರಿಸುವಂತಿಲ್ಲ, ಅನುಮತಿ ಪಡೆದ ಮಾದರಿಯೇ ಆಗಬೇಕು. ಯುರೋಪಿನಲ್ಲಿ 2022ರ ಜನವರಿಯಿಂದ ಮಾರುವ ಹೊಸ ಸ್ಟವ್‌ಗಳ ಹೊಗೆ ಇಷ್ಟಕ್ಕಿಂತ ಹೆಚ್ಚಬಾರದು ಎನ್ನುವ ಇಕೊಡಿಸೈನ್ ಎಂಬ ಮಿತಿ ಇದೆ. ಸೆಕೆಂಡ್ ಹ್ಯಾಂಡ್ ಸ್ಟವ್ ಅಗ್ಗಕ್ಕೆ ಸಿಕ್ಕರೂ ಇದೇ ಕಾರಣಕ್ಕೆ ನಾನು ಬೇಡ ಎನ್ನುತ್ತೇನೆ.

ಮನೆಯಲ್ಲಿ ಆಸ್ತಮಾ ಇರುವವರಿದ್ದರೆ, ಎಳೆ ಮಗು ಇದ್ದರೆ, ಮನೆಗಳು ಒತ್ತೊತ್ತಾಗಿ ಇದ್ದರೆ, ನನ್ನ ಸಲಹೆ ಗ್ಯಾಸ್‌ನಲ್ಲೇ ಇರಿ. ಬಾಗಿಲು ತೆರೆದು ಸೌದೆ ಹಾಕುವಾಗೆಲ್ಲ ಒಂದಿಷ್ಟು ಹೊಗೆ ಕೋಣೆಗೂ ಬರುತ್ತದೆ. ಇದನ್ನು ತಿಳಿದ ಮೇಲೆ ನಾವು ಸ್ಟವ್ ಹಚ್ಚುವುದು ಕೊರೆಯುವ ಚಳಿಯ ದಿನಗಳಲ್ಲಿ ಮಾತ್ರ. ಪರಿಸರದ ಮಾತು ಬಂದರೆ, ಗ್ಯಾಸ್ ನೆಲದಾಳದ ಇಂಗಾಲವನ್ನು ಹೊರಗೆ ತರುತ್ತದೆ ನಿಜ. ಸೌದೆ ಬಿಟ್ಟ ಇಂಗಾಲವನ್ನು ಹೊಸ ಮರ ಮತ್ತೆ ಹೀರುತ್ತದೆ ಎನ್ನುವುದೂ ನಿಜ, ಆದರೆ ಆ ಮರ ಬೆಳೆಯಲು ದಶಕಗಳು ಬೇಕು.

ಕಾರ್ಬನ್ ಮೊನಾಕ್ಸೈಡ್ ಅಪಾಯ ಎರಡರಲ್ಲೂ ಇದೆ. ಬಣ್ಣವಿಲ್ಲ, ವಾಸನೆಯಿಲ್ಲ. ಒಲೆಯಿಂದ 1ರಿಂದ 3 ಮೀಟರ್ ದೂರದಲ್ಲಿ ಅಲಾರಂ ಹಾಕಿಸಿ, ಯಾವುದನ್ನು ಆರಿಸಿದರೂ.

ಎಲ್ಲ ಸರಿ ಬಂದರೆ, ಯಾವ ಅಳತೆ?

ಚಿಮಣಿ ಸರಿಯಿದೆ, ಸೌದೆಗೆ ಜಾಗವಿದೆ, ಸಂಜೆ ಹೊತ್ತು ಮನೆಯಲ್ಲಿ ಇರುತ್ತೀರಿ, ಯಾರಿಗೂ ಉಸಿರಿನ ತೊಂದರೆ ಇಲ್ಲ. ಹಾಗಾದರೆ ಸೌದೆ ಸ್ಟವ್ ಖಂಡಿತ ಹಾಕಿಸಿ, ಆದರೆ ಸಣ್ಣದನ್ನು. ಕೋಣೆಯ ಉದ್ದ, ಅಗಲ, ಎತ್ತರವನ್ನು ಮೀಟರಿನಲ್ಲಿ ಗುಣಿಸಿ 14ರಿಂದ ಭಾಗಿಸಿದರೆ ಬೇಕಾದ ಕಿಲೊವ್ಯಾಟ್‌ನ ಅಂದಾಜು ಸಿಗುತ್ತದೆ. 5 ಮೀಟರ್ ಉದ್ದ, 4 ಅಗಲ, 2.4 ಎತ್ತರದ ಕೋಣೆಗೆ ಮೂರೂವರೆ ಕಿಲೊವ್ಯಾಟ್ ಸಾಕು. ನಾನು ಮೊದಲು ಮೆಚ್ಚಿದ್ದು 8ರದ್ದು. ಅದನ್ನು ತಂದಿದ್ದರೆ ಕೋಣೆ ಕಾದ ಹಂಚಾಗಿ, ತಡೆಯಲಾರದೆ ಗಾಳಿ ಮುಚ್ಚಿ, ಅದೇ ಮಂದ ಉರಿಗೆ ಬೀಳುತ್ತಿದ್ದೆವು. 5 ಕಿಲೊವ್ಯಾಟ್ ದಾಟಿದರೆ ಇಂಗ್ಲೆಂಡಿನಲ್ಲಿ ಗೋಡೆಗೆ ಸದಾ ತೆರೆದಿರುವ ಗಾಳಿಕಿಂಡಿಯನ್ನೂ ಕೊಡಿಸಬೇಕು. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚುವ ಹೊಸ ಮನೆಗಳಲ್ಲಿ ಸಣ್ಣ ಸ್ಟವ್‌ಗೂ ಅದು ಬೇಕಾಗುತ್ತದೆ.

ಹೊಸ ಸ್ಟವ್ ಬಂದ ದಿನವೇ ಧಗಧಗ ಉರಿಸಬೇಡಿ. ಮೊದಲ ಕೆಲವು ಸಲ ಪುಳ್ಳೆಗಳ ಸಣ್ಣ ಉರಿ ಸಾಕು. ಮೈಗೆ ಬಳಿದ ಬಣ್ಣ ಬೆಂದು ಗಟ್ಟಿಯಾಗುವಾಗ ಘಾಟು ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ. ಚಿಮಣಿ ಗುಡಿಸುವವರಿಗೆ ವರ್ಷಕ್ಕೊಮ್ಮೆಯಾದರೂ, ದಿನಾ ಉರಿಸುವವರಾದರೆ ಎರಡು ಸಲ ಹೇಳಿ ಕಳಿಸಿ. ಚಳಿ ಶುರುವಾದ ಮೇಲೆ ಅವರು ಸಿಗುವುದು ಕಷ್ಟ, ಬೇಸಿಗೆಯಲ್ಲೇ ದಿನ ಗೊತ್ತು ಮಾಡಿಕೊಳ್ಳಿ.